ಹವ್ಯಾಸಿ ಸಂಗೀತ ನಾಟಕ ತಂಡ: ಸೇರುವ ಮುನ್ನ ಒಂದು ತಾಲೀಮು ನೋಡಿ

ಪ್ರದರ್ಶನ ನೋಡಿ ಮರುಳಾಗಿ ತಂಡ ಸೇರುವವರೇ ಹೆಚ್ಚು. ಮೇಳದವರು ಸಾಲಾಗಿ ಕೂತು ಹಾಡುತ್ತಾರೆ, ಬೆಳಕು ಬಣ್ಣ ಬದಲಿಸುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಆಸೆಯಾಗುವುದು ಸಹಜ. ಆದರೆ ಸದಸ್ಯರಾದವರ ಪಾಲಿಗೆ ಆ ಎರಡು ಗಂಟೆ ತೀರಾ ಸಣ್ಣ ಭಾಗ. ವಾರಕ್ಕೆ ನಾಲ್ಕು ಸಂಜೆ, ದಿನಕ್ಕೆ ಎರಡೂವರೆ ಗಂಟೆ, ಎಂಟು ವಾರ ಎಂದಿಟ್ಟುಕೊಂಡರೂ ಎಂಬತ್ತು ಗಂಟೆಯ ತಾಲೀಮು. ಕೊನೆಯ ವಾರದ ಹೆಚ್ಚುವರಿ ಬೇರೆ. ಸದಸ್ಯತ್ವದ ಹಣ ಕೊಟ್ಟು ಪಡೆಯುವುದು ಈ ಎಂಬತ್ತು ಗಂಟೆಗಳನ್ನೇ. ಆದ್ದರಿಂದ ಇಲ್ಲಿ ತೂಗಿ ನೋಡುತ್ತಿರುವುದೂ ಅವನ್ನೇ.

ಕರ್ನಾಟಕದಲ್ಲಿ ಹಾಡು ಇರುವ ನಾಟಕ ಆಡುವ ಹವ್ಯಾಸಿಗಳು ಒಂದೇ ಬಗೆಯವರಲ್ಲ. ತಪ್ಪು ಬಗೆಯ ತಂಡಕ್ಕೆ ಸೇರಿದ್ದೇ ಅನೇಕರ ಬೇಸರಕ್ಕೆ ಮೂಲ. ತುಮಕೂರು, ಮಂಡ್ಯ, ರಾಮನಗರದ ಕಡೆಯ ಪೌರಾಣಿಕ ನಾಟಕದ ತಂಡಗಳದ್ದು ಒಂದು ಲೋಕ. ಅಲ್ಲಿ ಹಾರ್ಮೋನಿಯಂ ಮೇಷ್ಟ್ರೇ ನಿರ್ದೇಶಕ, ಅವರೇ ಸಂಗೀತ ಗುರು. ಪಾತ್ರಧಾರಿಗಳೇ ಪಾತ್ರದ ತೂಕಕ್ಕೆ ತಕ್ಕಂತೆ ಹಣ ಹಾಕುತ್ತಾರೆ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಸೀನರಿ, ಕಿರೀಟ, ಗದೆ ಎಲ್ಲ ಬಾಡಿಗೆಗೆ ಬರುತ್ತವೆ. ಇದು 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥ ವೃತ್ತಿ ಕಂಪನಿಗಳು ಬೆಳೆಸಿದ ಹಾಡುಗಾರಿಕೆಯ ಮುಂದುವರಿಕೆ: ಒಬ್ಬ ನಟ, ಒಂದು ರಾಗ, ಒಂದು ಕಂದಪದ್ಯ, ಜನ ಕೇಳಿದರೆ ಒನ್ಸ್‌ಮೋರ್. ದನಿ ಚೆನ್ನಾಗಿದ್ದು, ಒಬ್ಬರೇ ನಿಂತು ಹಾಡುವ ಧೈರ್ಯ ಇದ್ದವರಿಗೆ ಇಷ್ಟು ನೇರವಾದ ಅವಕಾಶ ಬೇರೆಲ್ಲೂ ಸಿಗದು.

ನಗರದ ಹವ್ಯಾಸಿ ತಂಡಗಳ ದಾರಿ ಬೇರೆ. ಅವುಗಳ ಸಂಗೀತದ ಮೇಲೆ ರಂಗನಿರ್ದೇಶಕ ಬಿ.ವಿ. ಕಾರಂತರ (1929–2002) ನೆರಳು ಇನ್ನೂ ದಟ್ಟವಾಗಿದೆ. ಹುಡುಗನಾಗಿದ್ದಾಗ ಗುಬ್ಬಿ ಕಂಪನಿಯಲ್ಲಿದ್ದ ಕಾರಂತರು ಆ ಹಾಡುಗಾರಿಕೆಯನ್ನು ಬಿಚ್ಚಿ, ಜಾನಪದ ಮಟ್ಟುಗಳನ್ನೂ (ಧಾಟಿಗಳನ್ನೂ) ಬರೀ ಸದ್ದುಗಳನ್ನೂ ಅದಕ್ಕೆ ಬೆರೆಸಿದರು. ಇಲ್ಲಿ ಹಾಡುವುದು ಮೇಳ. ಒಬ್ಬರ ದನಿ ಎದ್ದು ಕಂಡರೆ ಅದೇ ತಪ್ಪು. ಶಾಸ್ತ್ರೀಯ ಸಂಗೀತ ಕಲಿತವರು ಇಲ್ಲಿ ಬಂದು ಗಮಕ ಹಾಕಿ, ಅಂದರೆ ಸ್ವರಗಳನ್ನು ಅಲುಗಿಸಿ ಹಾಡಿ, "ಸ್ವಲ್ಪ ಚಪ್ಪಟೆಯಾಗಿ ಹಾಡಿ" ಎನ್ನಿಸಿಕೊಂಡು ಮುನಿಯುವುದು ಸಾಮಾನ್ಯ. ಹಾಡುವ ಆಸೆ ಸಾಧಾರಣ, ಗುಂಪಿನಲ್ಲಿರುವ ಆಸೆ ಜಾಸ್ತಿ ಎನ್ನುವವರಿಗೆ ಇದೇ ಸರಿ. ಉತ್ತರ ಕರ್ನಾಟಕದಲ್ಲಿ ಸಣ್ಣಾಟ, ಪಾರಿಜಾತ ಎಂಬ ಜಾನಪದ ಆಟಗಳ ಹವ್ಯಾಸಿ ತಂಡಗಳಿವೆ. ಅಲ್ಲಿ ಹಿಮ್ಮೇಳದ ಪದ್ಧತಿಯೇ ಬೇರೆ, ಈ ಬರಹದ ಅಳತೆಗೋಲು ಅದಕ್ಕೆ ಪೂರ್ತಿ ಹೊಂದುವುದಿಲ್ಲ.

ಯಾವ ಬಗೆಯದಾದರೂ ಸರಿ, ದುಡ್ಡು ಕೊಡುವ ಮೊದಲು "ಒಂದು ದಿನ ತಾಲೀಮು ನೋಡಲು ಬರಬಹುದೇ?" ಎಂದು ಕೇಳಿ. ಬೇಡ ಎನ್ನುವ ತಂಡವನ್ನು ಅಲ್ಲಿಗೇ ಬಿಡಬಹುದು.

ತಾಲೀಮಿನಲ್ಲಿ ಏನು ನೋಡಬೇಕು

ಮೊದಲು ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಸ್ವರದ ಎತ್ತರ. ಹಾಡು ಶುರುವಾಗುವ ಮುಂಚೆ ಯಾರಾದರೂ ಷಡ್ಜ (ಆಧಾರದ 'ಸ') ಕೊಡುತ್ತಾರೆಯೇ, ಅಥವಾ ನಿರ್ದೇಶಕರು ಕೈ ತಟ್ಟಿ "ಹೂಂ, ಹಾಡಿ" ಎನ್ನುತ್ತಾರೆಯೇ? ಎರಡನೆಯದಾದರೆ ಆ ತಂಡದ ಹಾಡು ಪ್ರತಿದಿನ ಬೇರೆ ಬೇರೆ ಎತ್ತರದಲ್ಲಿ ನಿಂತಿರುತ್ತದೆ. ಹಾರ್ಮೋನಿಯಂ ಇಲ್ಲದಿದ್ದರೆ ಫೋನಿನಲ್ಲಿರುವ ತಂಬೂರಿ ಆಪ್ ಸಾಕು. ಅದನ್ನೂ ಹಾಕದವರು ಬೇಕಾಗಿಲ್ಲ ಎಂದು ಬಿಟ್ಟಿದ್ದಾರೆ ಎಂದೇ ಅರ್ಥ. ಪರಿಣಾಮ ಕಾಣುವುದು ವಾದ್ಯದವರು ಬಂದು ಕೂತ ದಿನ. ಆರು ವಾರ ಅಂದಾಜಿನಲ್ಲಿ ಹಾಡಿದ ಗಂಟಲುಗಳು ಆ ದಿನ ನಿಜವಾದ ಶ್ರುತಿಗೆ ಹೊಂದಲಾರದೆ ಒದ್ದಾಡುತ್ತವೆ, ಬೈಗುಳ ಮಾತ್ರ ಹಾರ್ಮೋನಿಯಂ ನುಡಿಸುವವರಿಗೆ ಬೀಳುತ್ತದೆ.

ಗಂಡಸರು ಹೆಂಗಸರು ಕೂಡಿ ಹಾಡುವ ಮೇಳದಲ್ಲಿ ಶ್ರುತಿಯ ಆಯ್ಕೆಯೇ ಅರ್ಧ ಕೆಲಸ. ಶ್ರುತಿಯನ್ನು ಹಾರ್ಮೋನಿಯಂನ ಬಿಳಿ, ಕಪ್ಪು ಮನೆಗಳ (ಕೀಲಿಗಳ) ಸಂಖ್ಯೆಯಿಂದ ಹೇಳುವುದು ರೂಢಿ. ಸಾಮಾನ್ಯವಾಗಿ ಗಂಡಸರ ದನಿ ಬಿಳಿ ಒಂದರಿಂದ ಬಿಳಿ ಎರಡರ ಆಸುಪಾಸಿನಲ್ಲಿ ಸಲೀಸು. ಹೆಂಗಸರದು ಬಿಳಿ ನಾಲ್ಕರಿಂದ ಕಪ್ಪು ನಾಲ್ಕರವರೆಗೆ. ಗಂಡಸರ ಶ್ರುತಿಗೆ ಇಟ್ಟರೆ ಮಂದ್ರದ (ಕೆಳಸ್ಥಾಯಿಯ) ಸಾಲುಗಳಲ್ಲಿ ಹೆಂಗಸರ ದನಿ ಕೇಳಿಸುವುದೇ ಇಲ್ಲ. ಹೆಂಗಸರ ಶ್ರುತಿಗೆ ಇಟ್ಟರೆ ಮೇಲಿನ ಸಾಲಿನಲ್ಲಿ ಗಂಡಸರು ಕಿರುಚುತ್ತಾರೆ, ಮೂರನೇ ದಿನಕ್ಕೆ ಗಂಟಲು ಕಟ್ಟುತ್ತದೆ. "ನಡುವೆ ಎಲ್ಲೋ ಇಡೋಣ" ಎಂಬ ಪರಿಹಾರ ಎರಡೂ ಕಡೆಯವರನ್ನು ಕೆಡಿಸುತ್ತದೆ. ಬಲ್ಲ ಸಂಗೀತ ನಿರ್ದೇಶಕರು ಹಾಡನ್ನು ಸಾಲು ಸಾಲಾಗಿ ಹಂಚುತ್ತಾರೆ: ಕೆಳಗಿನ ಸಾಲು ಗಂಡಸರಿಗೆ, ಎತ್ತರದ್ದು ಹೆಂಗಸರಿಗೆ, ಪಲ್ಲವಿಯನ್ನು ಮಾತ್ರ ಎಲ್ಲರೂ ತಮ್ಮ ತಮ್ಮ ಸ್ಥಾಯಿಯಲ್ಲಿ. ಹೀಗೆ ಹಂಚುವುದು ನಿಮ್ಮ ಕಣ್ಣೆದುರು ನಡೆದರೆ ಆ ತಂಡಕ್ಕೆ ಅರ್ಧ ಅಂಕ ಅಲ್ಲಿಯೇ ಕೊಡಿ. ಹೊಸ ಸದಸ್ಯರಿಗೆ "ನಿಮ್ಮ ಶ್ರುತಿ ಯಾವುದು?" ಎಂದು ಕೇಳಿ ಬರೆದಿಟ್ಟುಕೊಳ್ಳುವ ತಂಡ ಇನ್ನೂ ಒಳ್ಳೆಯದು.

ಎರಡನೆಯದು, ಹಾಡು ಕಲಿಸುವ ರೀತಿ. ಈಗ ಎಲ್ಲ ತಂಡಗಳೂ ವಾಟ್ಸಾಪ್ ಗುಂಪಿಗೆ ರೆಕಾರ್ಡಿಂಗ್ ಹಾಕುತ್ತವೆ. ಅದು ಒಳ್ಳೆಯದೇ, ಆದರೆ ಬರೀ ಬಾಯಲ್ಲಿ ಹಾಡಿ ಕಳಿಸಿದ್ದು ಕೆಲಸ ಕೆಡಿಸುತ್ತದೆ. ಕೇಳಿದವರು ಮನೆಯಲ್ಲಿ ತಮಗೆ ಅನುಕೂಲವಾದ ಎತ್ತರದಲ್ಲಿ ಕಲಿತು ಬರುತ್ತಾರೆ. ಸರಿಯಾದ ರೆಕಾರ್ಡಿಂಗಿನಲ್ಲಿ ಮೊದಲು ಹತ್ತು ಸೆಕೆಂಡು ಶ್ರುತಿ, ಆಮೇಲೆ ಹಾಡಿಲ್ಲದೆ ಒಂದು ಆವರ್ತ (ಪೂರ್ತಿ ಸುತ್ತು) ತಾಳ, ನಂತರ ಹಾಡು ಇರಬೇಕು. ಫೈಲಿನ ಹೆಸರಿನಲ್ಲೇ ಹಾಡಿನ ಮೊದಲ ಸಾಲು, ಶ್ರುತಿ, ದಿನಾಂಕ ಇರಬೇಕು. ದಿನಾಂಕ ಯಾಕೆಂದರೆ ಮಟ್ಟು ಬದಲಾಗುತ್ತದೆ, ಹಳೆಯ ಫೈಲು ಗುಂಪಿನಲ್ಲೇ ಉಳಿಯುತ್ತದೆ, ರಜೆ ಮುಗಿಸಿ ಬಂದವರು ಹಳೆಯದನ್ನೇ ಕಲಿತು ಬರುತ್ತಾರೆ. ಹಳೆಯದನ್ನು ಅಳಿಸುವ ಕೆಲಸ ಒಬ್ಬರಿಗೆ ಒಪ್ಪಿಸಿದ್ದರೆ ತಂಡ ಅಚ್ಚುಕಟ್ಟಾಗಿದೆ ಎಂದೇ ಲೆಕ್ಕ.

ಲಯವನ್ನೂ ಗಮನಿಸಿ. ರಂಗಗೀತೆಗಳಲ್ಲಿ ಬಹುಪಾಲು ಎಂಟು ಮಾತ್ರೆಯ ಕಹರ್ವಾ, ಆರು ಮಾತ್ರೆಯ ದಾದ್ರಾ ನಡೆಗಳು. ಸುಲಭ ಎನಿಸುವುದರಿಂದಲೇ ಇವು ಓಡುತ್ತವೆ. ಗೆಜ್ಜೆ ಕಟ್ಟಿ ಕುಣಿಯುವ ಹಾಡಂತೂ ಕೊನೆಗೆ ಬರುವ ಹೊತ್ತಿಗೆ ಉಸಿರಿಗೆ ಜಾಗವೇ ಇಲ್ಲದಷ್ಟು ವೇಗ ಪಡೆದಿರುತ್ತದೆ. ಫೋನಿನ ಮೆಟ್ರೊನೋಮಿನಲ್ಲಿ ಶುರುವಿನ ವೇಗ ನಿಮಿಷಕ್ಕೆ ತೊಂಬತ್ತು ಹೊಡೆತ ಇದ್ದದ್ದು ಕೊನೆಯ ಚರಣದಲ್ಲಿ ನೂರು ದಾಟಿದ್ದರೆ ಮಾತುಗಳು ಪ್ರೇಕ್ಷಕರಿಗೆ ತಲುಪುವುದಿಲ್ಲ. ತಪ್ಪು ಸಾಮಾನ್ಯವಾಗಿ ತಬಲಾದವರದ್ದಲ್ಲ. ಕುಣಿಯುವವರ ಕಾಲು ಮುಂದೆ ಓಡುತ್ತದೆ, ತಬಲಾದವರು ಪಾಪ ಹಿಂಬಾಲಿಸುತ್ತಾರೆ.

ಮೂರನೆಯದು, ಕೂತು ಹಾಡುವುದಕ್ಕೂ ಚಲನೆಯೊಡನೆ ಹಾಡುವುದಕ್ಕೂ ನಡುವಿನ ಅಂತರ. ನಾಲ್ಕು ವಾರ ಚಾಪೆಯ ಮೇಲೆ ಕೂತು ಸೊಗಸಾಗಿ ಹಾಡಿದವರು ಎದ್ದು ಹೆಜ್ಜೆ ಹಾಕಿದ ಕೂಡಲೇ ಸಾಲಿನ ಕೊನೆಯ ಅಕ್ಷರ ನುಂಗುತ್ತಾರೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನು ಸಾಹಿತ್ಯದ ಹಾಳೆಯಲ್ಲಿ ಗೆರೆ ಎಳೆದು ಗುರುತು ಮಾಡಿಸಿ, ಎರಡನೇ ವಾರದಿಂದಲೇ ನಡೆಯುತ್ತಾ ಹಾಡಿಸುವ ತಂಡದಲ್ಲಿ ಈ ಸಮಸ್ಯೆ ಹತ್ತಿರ ಬರುವುದಿಲ್ಲ. ಕನ್ನಡದಲ್ಲಿ ಹ್ರಸ್ವ ದೀರ್ಘ ಅರ್ಥವನ್ನೇ ಬದಲಿಸುತ್ತವೆ. ಮಟ್ಟಿಗೆ ಹೊಂದಿಸಲು ಹ್ರಸ್ವವನ್ನು ಎಳೆದು 'ಕರು'ವನ್ನು 'ಕಾರು' ಮಾಡಿ, ಗಂಭೀರ ದೃಶ್ಯದಲ್ಲಿ ಪ್ರೇಕ್ಷಕರನ್ನು ನಗಿಸಿದ ಹಾಡುಗಳಿಗೆ ಬರವಿಲ್ಲ. ಅದನ್ನು ತಿದ್ದಲು ಒಬ್ಬರಾದರೂ ಪುಸ್ತಕ ಹಿಡಿದು ಕೂತಿರಬೇಕು.

ಇನ್ನೊಂದು ಸಣ್ಣ ಆದರೆ ನಂಬಿಗಸ್ತ ಗುರುತು: ಆರೂವರೆ ಎಂದರೆ ಎಷ್ಟಕ್ಕೆ ಶುರುವಾಗುತ್ತದೆ? ಏಳಕ್ಕೆ ಬಂದು ಏಳೂಕಾಲರವರೆಗೆ ಕಾಫಿ ಕುಡಿದರೆ ಎಂಬತ್ತು ಗಂಟೆಯಲ್ಲಿ ಇಪ್ಪತ್ತನಾಲ್ಕು ಗಂಟೆ ಅಲ್ಲಿಯೇ ಹೋಯಿತು.

ಆಯ್ಕೆಯ ದಿನ

ಹವ್ಯಾಸಿ ತಂಡಗಳ ಆಡಿಷನ್ ಭಯಪಡುವಂಥದ್ದೇನಲ್ಲ. ಒಂದು ಹಾಡಿನ ಪಲ್ಲವಿ, ಒಂದು ಚರಣ ಸಾಕು. ಕರೋಕೆ ಟ್ರ್ಯಾಕ್ ಹಾಕಿಕೊಂಡು ಹಾಡಬೇಡಿ. ಅದರಲ್ಲಿ ನಿಮ್ಮ ಶ್ರುತಿಜ್ಞಾನ ಗೊತ್ತಾಗುವುದಿಲ್ಲ ಎಂದು ಕೇಳುವವರಿಗೆ ಗೊತ್ತು. ಅವರು ನಿಜವಾಗಿ ಪರೀಕ್ಷಿಸುವುದು ಬೇರೆ: ಹಾರ್ಮೋನಿಯಂನಲ್ಲಿ ಮೂರು ಸ್ವರ ಒತ್ತಿ ಅದನ್ನೇ ದನಿಯಲ್ಲಿ ಹೇಳಲು ಹೇಳುತ್ತಾರೆ, ಒಂದು ತಾಳ ತಟ್ಟಿ ಮುಂದುವರಿಸಲು ಹೇಳುತ್ತಾರೆ, ಗೊತ್ತಿಲ್ಲದ ಎರಡು ಸಾಲು ಕಲಿಸಿ ಐದು ನಿಮಿಷದ ಬಳಿಕ ಮತ್ತೆ ಕೇಳುತ್ತಾರೆ. ಈ ಮೂರನೆಯದರಲ್ಲಿ ಗೆದ್ದವರನ್ನು, ದನಿ ಸಾಧಾರಣವಾಗಿದ್ದರೂ, ಯಾವ ತಂಡವೂ ಬಿಡುವುದಿಲ್ಲ. ಚೆನ್ನಾಗಿ ಹಾಡುವವರು ಸಿಗುತ್ತಾರೆ, ಬೇಗ ಕಲಿತು ಮರೆಯದೆ ಹಾಡುವವರು ಅಪರೂಪ.

ಸೇರುವಾಗ ಕೇಳಲೇಬೇಕಾದ ಪ್ರಶ್ನೆಗಳು ಕೆಲವಿವೆ, ಸಂಕೋಚ ಬೇಡ. ಚಂದಾದಲ್ಲಿ ವೇಷಭೂಷಣ ಸೇರಿದೆಯೇ? ಬೇರೆ ಊರಿನ ಪ್ರದರ್ಶನಕ್ಕೆ ಪ್ರಯಾಣದ ಖರ್ಚು ಯಾರದು? ಎಷ್ಟು ತಾಲೀಮು ತಪ್ಪಿದರೆ ಪಾತ್ರ ಬದಲಾಗುತ್ತದೆ? ದುಡ್ಡಿಗೆ ರಸೀದಿ ಉಂಟೇ? ತಂಡ ನೋಂದಣಿಯಾದದ್ದೇ? ನಮ್ಮಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಸಂಘ ನೋಂದಾಯಿಸಬಹುದು, ಆಮೇಲೆ ವರ್ಷ ವರ್ಷ ಲೆಕ್ಕಪತ್ರ ಸಲ್ಲಿಸಬೇಕು. ನೋಂದಣಿ ಇಲ್ಲದ ತಂಡ ಕೆಟ್ಟದ್ದೇನಲ್ಲ, ಗೆಳೆಯರ ಗುಂಪುಗಳು ಒಳ್ಳೆಯ ನಾಟಕ ಮಾಡಿವೆ. ಆದರೆ ಅಲ್ಲಿ ಹಣ ಒಬ್ಬರ ಖಾತೆಯಲ್ಲಿರುತ್ತದೆ, ಜಗಳವಾದರೆ ಕೇಳುವುದಕ್ಕೆ ಕಾಗದ ಇರುವುದಿಲ್ಲ. ಪೌರಾಣಿಕ ನಾಟಕದ ತಂಡಗಳಲ್ಲಿ ಪಾತ್ರದ ಪಾಲು ಮೊದಲೇ ನಿಗದಿಯಾಗಿದ್ದರೂ "ಕೊನೆ ಗಳಿಗೆ ಖರ್ಚು" ಎಂಬ ಬಾಬತ್ತು ಬೆಳೆಯುತ್ತಾ ಹೋಗುತ್ತದೆ. ಪೆಂಡಾಲು, ಮೈಕು, ಹಾರ, ಊಟ ಇವುಗಳಲ್ಲಿ ಯಾವುದು ಪಾಲಿನೊಳಗೆ, ಯಾವುದು ಹೊರಗೆ ಎಂದು ಮೇಷ್ಟ್ರ ಎದುರೇ ಬರೆಸಿಕೊಳ್ಳುವುದು ರೂಢಿಯಾದರೆ ಎಲ್ಲರಿಗೂ ನೆಮ್ಮದಿ.

ಪಾತ್ರ ಸಿಗುತ್ತದೆ ಎಂಬ ಭರವಸೆಯ ಮೇಲೆ ಹಣ ಕೇಳುವ ನಗರದ ತಂಡಗಳ ಬಗ್ಗೆ ಎಚ್ಚರವಿರಲಿ. ಹಳ್ಳಿಯ ಪಾತ್ರದ ಪಾಲು ಎಲ್ಲರ ಎದುರು ನಡೆಯುವ ಹಂಚಿಕೆ. 'ಅಭಿನಯ ತರಬೇತಿ' ಹೆಸರಿನಲ್ಲಿ ಗುಟ್ಟಾಗಿ ತೆಗೆದುಕೊಳ್ಳುವುದು ವ್ಯಾಪಾರ.

ವೇದಿಕೆ ಹತ್ತಿರ ಬಂದಾಗ ಕೆಡುವುದು

ಹವ್ಯಾಸಿ ಸಂಗೀತ ನಾಟಕ ಸೋಲುವುದು ಹೆಚ್ಚಾಗಿ ಕೊನೆಯ ವಾರದಲ್ಲಿ, ಅದೂ ನಟನೆಯ ಕಾರಣದಿಂದಲ್ಲ. ವಾದ್ಯದವರನ್ನು ಕೊನೆಯ ಎರಡು ದಿನಕ್ಕೆ ಮಾತ್ರ ಕರೆಸುವುದು ಮೊದಲ ತಪ್ಪು. ಅವರಿಗೆ ಹಾಡು ಗೊತ್ತಿದ್ದರೂ ದೃಶ್ಯ ಗೊತ್ತಿರುವುದಿಲ್ಲ. ಮಾತು ಮುಗಿದು ಹಾಡು ಏಳುವ ಜಾಗದಲ್ಲಿ ಎರಡು ಸೆಕೆಂಡು ತಡವಾದರೆ ನಾಟಕ ನಿಂತಂತೆ ಕಾಣುತ್ತದೆ. ಕನಿಷ್ಠ ನಾಲ್ಕು ಪೂರ್ಣ ರನ್‌ಥ್ರೂ ವಾದ್ಯದೊಡನೆ ಆಗಬೇಕು. ದುಡ್ಡು ಸಾಲದಿದ್ದರೆ ಕೊನೆಪಕ್ಷ ಹಾರ್ಮೋನಿಯಂನವರಾದರೂ ಮೊದಲ ದಿನದಿಂದ ಇರಲಿ, ಬೇರೆ ವಾದ್ಯ ಆಮೇಲೆ ಬರಲಿ.

ತಬಲಾ ಇನ್ನೊಂದು ಸೂಕ್ಷ್ಮ. ಬಲಗೈ ತಬಲಾವನ್ನು ಸುತ್ತಿಗೆಯಿಂದ ಸ್ವಲ್ಪ ಏರಿಸಬಹುದು, ಇಳಿಸಬಹುದು, ಅಷ್ಟೇ. ಮೂರು ಹಾಡು ಗಂಡಸರ ಶ್ರುತಿಯಲ್ಲಿ, ಎರಡು ಹೆಂಗಸರ ಶ್ರುತಿಯಲ್ಲಿದ್ದರೆ ಎರಡು ತಬಲಾ ಬೇಕೇ ಬೇಕು. ತೇವದ ಸಂಜೆಯಲ್ಲಿ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ದೀಪದ ಬಿಸಿಗೆ, ಏಸಿಯ ಒಣ ಗಾಳಿಗೆ ಬಿಗಿಯಾಗಿ ಏರುತ್ತದೆ. ಹಾಗಾಗಿ ಸಂಜೆ ನಾಲ್ಕಕ್ಕೆ ಶ್ರುತಿ ಮಾಡಿಟ್ಟದ್ದು ಏಳಕ್ಕೆ ನಿಲ್ಲುವುದಿಲ್ಲ. ಹಾರ್ಮೋನಿಯಂ ಮಾತ್ರ ಯಾರಿಗೂ ಹೊಂದಿಕೊಳ್ಳುವುದಿಲ್ಲ, ಉಳಿದವರೇ ಅದಕ್ಕೆ ಹೊಂದಬೇಕು. ಬಾಡಿಗೆಗೆ ತಂದದ್ದಾದರೆ ಕೊಳಲಿನವರು ಅದನ್ನು ಮುಂಚಿನ ದಿನವೇ ಕೇಳಿ ನೋಡಲಿ. ಹೊಸಬರು ತಿಳಿದಿರಬೇಕಾದ ಮರ್ಯಾದೆ ಒಂದಿದೆ: ವಾದ್ಯಗಳನ್ನು ದಾಟಿ ಹೋಗಬಾರದು, ತಬಲಾದ ಮೇಲೆ ಸ್ಕ್ರಿಪ್ಟು ಇಡಬಾರದು.

ಧ್ವನಿವ್ಯವಸ್ಥೆ ಅಂದರೆ ಹೆಚ್ಚು ಮೈಕು ಎಂದು ತಿಳಿದವರು ಬಹಳ. ಮುನ್ನೂರು ಆಸನದ ಒಳ್ಳೆಯ ರಂಗಮಂದಿರದಲ್ಲಿ ಮಾತಿಗೆ ಮೈಕೇ ಬೇಡ. ಬೇಕಾದದ್ದು ವಾದ್ಯದ ಸದ್ದನ್ನು ಹತೋಟಿಯಲ್ಲಿಡುವುದು. ಮೇಳವನ್ನು ವೇದಿಕೆಯ ಒಂದು ಬದಿಗೆ ಕೂರಿಸಿ, ತಬಲಾದ ಕೆಳಗೆ ದಪ್ಪ ಜಮಖಾನ ಹಾಸಿದರೆ ಅರ್ಧ ಗೆದ್ದಂತೆ. ದೊಡ್ಡ ಸಭಾಂಗಣ, ಬಯಲು ರಂಗಗಳಲ್ಲಿ ಮುಖ್ಯ ಹಾಡುಗಾರರಿಗೆ ಕಾಲರ್ ಮೈಕು ಬೇಕಾಗುತ್ತದೆ. ಎದೆಯ ಮೇಲೆ ಸಿಕ್ಕಿಸಿದರೆ ಜರಿ, ಸರ, ಉತ್ತರೀಯ ಉಜ್ಜಿದ ಸದ್ದೆಲ್ಲ ಬರುತ್ತದೆ; ಕೂದಲಂಚಿನಲ್ಲಿ ಅಥವಾ ಕೆನ್ನೆಯ ಪಕ್ಕ ಚರ್ಮಕ್ಕೆ ಒಗ್ಗುವ ಟೇಪಿನಿಂದ ಅಂಟಿಸಬೇಕು, ಅದೂ ಮೇಕಪ್ ಹಾಕುವ ಮೊದಲು. ಕಿರೀಟ ಇದ್ದರೆ ಕಿರೀಟ ಇಟ್ಟುಕೊಂಡೇ ಪರೀಕ್ಷಿಸಬೇಕು. ಪ್ರತಿ ಪ್ರದರ್ಶನಕ್ಕೂ ಹೊಸ ಬ್ಯಾಟರಿ, ಉಳಿದಿದೆಯಲ್ಲ ಎಂಬ ಮಾತೇ ಬೇಡ. ಬೆವರು ಒಳಗೆ ಹೋದರೆ ಟ್ರಾನ್ಸ್‌ಮಿಟರ್ ಕೈ ಕೊಡುತ್ತದೆ, ಅದಕ್ಕೊಂದು ಸಣ್ಣ ಪ್ಲಾಸ್ಟಿಕ್ ಹೊದಿಕೆ. ವೇದಿಕೆಯಿಂದ ಒಳಗೆ ಬಂದವರ ಚಾನೆಲ್ಲು ಮುಚ್ಚುವ ಜವಾಬ್ದಾರಿ ಧ್ವನಿ ಮೇಜಿನಲ್ಲಿ ಕೂತು ಸ್ಕ್ರಿಪ್ಟು ಹಿಂಬಾಲಿಸುವ ಒಬ್ಬರದ್ದು. ಅವರಿಲ್ಲದಿದ್ದರೆ ಗ್ರೀನ್ ರೂಮಿನ ಮಾತು ಸಭಾಂಗಣಕ್ಕೆಲ್ಲ ಕೇಳುತ್ತದೆ, ಮತ್ತು ಅದು ಯಾವಾಗಲೂ ಕೇಳಬಾರದ ಮಾತೇ ಆಗಿರುತ್ತದೆ.

ವೇದಿಕೆಯ ಮೇಲೆ ಎತ್ತರಕ್ಕೆ ಇಡುವ ಮರದ ಲೆವೆಲ್‌ಗಳ ಬಗ್ಗೆಯೂ ಒಂದು ಮಾತು. ಪ್ಲೈವುಡ್ ಹಲಗೆಯ ಕೆಳಗೆ ಟೊಳ್ಳಿದ್ದರೆ ಹೆಜ್ಜೆ ಹೆಜ್ಜೆಗೂ ಡೊಳ್ಳು ಬಾರಿಸಿದಂತಾಗುತ್ತದೆ, ನೆಲದ ಮೈಕು ಅದನ್ನೇ ಮೊದಲು ಹಿಡಿಯುತ್ತದೆ. ಒಳಗೆ ಗೋಣಿಚೀಲ ತುಂಬಿ, ಮೇಲೆ ಕಂಬಳಿ ಬಿಗಿದರೆ ಸಾಕು.

ಹಲವು ರಂಗಮಂದಿರಗಳು ಪಾಳಿಯ ಲೆಕ್ಕದಲ್ಲಿ ಸಿಗುತ್ತವೆ. ಸೆಟ್ ಇಳಿಸುವುದು, ಬೆಳಕು ಜೋಡಿಸುವುದು, ಧ್ವನಿ ಪರೀಕ್ಷೆ, ಪ್ರಸಾಧನ ಎಲ್ಲ ಅದೇ ಕೆಲವು ಗಂಟೆಯಲ್ಲಿ ಮುಗಿಯಬೇಕು. ಸೆಟ್ ಮೊದಲು, ಅದರ ಮೇಲೆ ಬೆಳಕು, ಆಮೇಲೆ ಧ್ವನಿ. ಈ ಕ್ರಮ ತಪ್ಪಿಸಿದರೆ ಏಣಿ ಎಳೆಯುವ ಸದ್ದಿನ ನಡುವೆ ಕೊಳಲು ಕೇಳಿಸುತ್ತದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಬಯಲಿನಲ್ಲಿ ಆಡುವವರು ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿದೆ ಎಂಬುದನ್ನು ಮೊದಲೇ ಲೆಕ್ಕ ಹಾಕಲಿ. ಭಾಷಣ ಮುಗಿದು ಒಂಬತ್ತಕ್ಕೆ ನಾಂದಿ ಹಾಡಿದರೆ ನಾಟಕ ನಡುವಲ್ಲೇ ನಿಲ್ಲುತ್ತದೆ.

ಹಾಡಲು ಬಾರದವರಿಗೆ

ಸಂಗೀತ ನಾಟಕದ ತಂಡಕ್ಕೆ ಅತಿ ಕೊರತೆ ಇರುವುದು ಹಾಡುವವರದ್ದಲ್ಲ. ನೇಪಥ್ಯಕ್ಕೆ ಜನ ಸಿಗುವುದಿಲ್ಲ. ರಂಗಪರಿಕರ ನೋಡಿಕೊಳ್ಳುವವರೊಬ್ಬರು, ಎರಡು ಬದಿಯ ಸೈಡ್‌ವಿಂಗ್‌ನಲ್ಲಿ ಒಬ್ಬೊಬ್ಬರು, ವೇಷ ಬದಲಾಯಿಸಲು ನೆರವಾಗುವವರಿಬ್ಬರು, ಬೆಳಕಿಗೆ ಕ್ಯೂ (ಬದಲಾಯಿಸುವ ಸೂಚನೆ) ಕೊಡುವವರೊಬ್ಬರು, ಟಿಕೆಟ್ ಮೇಜಿಗೆ ಇಬ್ಬರು. ಕನಿಷ್ಠ ಎಂಟು ಜನ. ಇವರಿಲ್ಲದ ತಂಡದಲ್ಲಿ ಮೇಳದವರೇ ಕುರ್ಚಿ ಎತ್ತಿಡಲು ಓಡಿ, ಏದುಸಿರಿನಲ್ಲಿ ಬಂದು ಮುಂದಿನ ಹಾಡು ಹಾಡುತ್ತಾರೆ.

ಈ ಕೆಲಸ ಕಲಿಯಲು ಒಂದು ವಾರ ಸಾಕು. ಪರಿಕರಗಳ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರೆಯಿರಿ. ಖಾಲಿ ಗೆರೆ ಕಂಡರೆ ಯಾವುದು ಕಾಣೆಯಾಗಿದೆ ಎಂದು ಒಂದು ನೋಟಕ್ಕೆ ಗೊತ್ತಾಗುತ್ತದೆ. ಕ್ಯೂ ಹಾಳೆಯಲ್ಲಿ ಹಾಡಿನ ಯಾವ ಪದಕ್ಕೆ ಬೆಳಕು ಬದಲಾಗಬೇಕು ಎಂದು ಪದವನ್ನೇ ಬರೆಯಿರಿ, ನಿಮಿಷ ಬರೆಯಬೇಡಿ. ಲಯ ಓಡಿದ ದಿನ ನಿಮಿಷದ ಲೆಕ್ಕ ತಪ್ಪುತ್ತದೆ. ಕತ್ತಲಲ್ಲಿ ನಡೆಯುವ ಜಾಗಕ್ಕೆ ಹೊಳೆಯುವ ಟೇಪಿನ ಸಣ್ಣ ತುಂಡು ಸಾಕು, ಉದ್ದ ಪಟ್ಟಿ ಹಾಕಿದರೆ ಪ್ರೇಕ್ಷಕರಿಗೂ ಕಾಣುತ್ತದೆ. ವೇಗವಾಗಿ ವೇಷ ಬದಲಿಸಬೇಕಾದ ಉಡುಪಿಗೆ ಗುಂಡಿಯ ಬದಲು ವೆಲ್ಕ್ರೊ ಹೊಲಿಸುವುದು ರೂಢಿ. ಆದರೆ ಮೌನದ ದೃಶ್ಯದ ಹಿಂದೆ ಅದನ್ನು ಕಿತ್ತರೆ ಹಿಂದಿನ ಸಾಲಿನವರೆಗೂ ಕೇಳುತ್ತದೆ, ಅಂಥ ಕಡೆ ಕೊಕ್ಕೆಯೇ ಮೇಲು.

ನಾಚಿಕೆ ಸ್ವಭಾವದವರಿಗೆ, ರಾತ್ರಿ ತಡವಾಗಿ ಮನೆ ಸೇರುವುದು ಕಷ್ಟ ಎನ್ನುವವರಿಗೆ, ಕೆಲಸದ ಪಾಳಿ ಬದಲಾಗುವವರಿಗೆ ನೇಪಥ್ಯದ ಸದಸ್ಯತ್ವವೇ ಲಾಭ: ಕೊನೆಯ ಎರಡು ವಾರ ಸಾಕು, ನಾಟಕವನ್ನು ಒಳಗಿನಿಂದ ನೋಡಬಹುದು. ಮುಖ್ಯ ಪಾತ್ರ ಬಯಸಿ ವಾರಕ್ಕೆ ಎರಡು ದಿನ ಮಾತ್ರ ಬರುತ್ತೇನೆ ಎನ್ನುವವರಿಗೆ ಈ ಹವ್ಯಾಸ ಹೇಳಿದ್ದಲ್ಲ. ತಂಡಕ್ಕೂ ಅವರಿಗೂ ಬೇಸರ.

ಕೃತಿ, ಅನುಮತಿ

ಇದರ ಬಗ್ಗೆ ಹವ್ಯಾಸಿಗಳಲ್ಲಿ ಉದಾಸೀನ ಹೆಚ್ಚು, ಆದ್ದರಿಂದ ಸೇರುವವರು ಕೇಳಲೇಬೇಕು. ನಾಟಕ ಒಬ್ಬರದು, ಹಾಡಿನ ಸಾಹಿತ್ಯ ಇನ್ನೊಬ್ಬರದು, ಮಟ್ಟು ಮತ್ತೊಬ್ಬರದು ಆಗಿರಬಹುದು. ಮೂವರ ಒಪ್ಪಿಗೆಯೂ ಬೇಕು. ಲೇಖಕರು ತೀರಿಕೊಂಡು ಅರವತ್ತು ವರ್ಷದವರೆಗೆ ಹಕ್ಕು ವಾರಸುದಾರರದ್ದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಹವ್ಯಾಸಿ ಸಂಘಗಳಿಗೆ ಒಂದು ಸಣ್ಣ ವಿನಾಯಿತಿ ಇದೆ: ಹಣ ಪಡೆಯದೆ ತೋರಿಸುವ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡುವ ಪ್ರದರ್ಶನಕ್ಕೆ ಅದು ಅನ್ವಯಿಸುತ್ತದೆ. ಅಂಥ ಸಹಾಯಾರ್ಥ ಪ್ರದರ್ಶನ ಬಿಟ್ಟು ಉಳಿದದ್ದಕ್ಕೆ ಟಿಕೆಟ್ ಇಟ್ಟ ಕೂಡಲೇ ಆ ರಕ್ಷಣೆ ಹೋಯಿತು. ರಂಗದ ಮೇಲೆ ಆಡಲು ಪಡೆದ ಒಪ್ಪಿಗೆ ಯೂಟ್ಯೂಬಿಗೆ ಹಾಕಲು ಸಾಲದು, ಅದಕ್ಕೆ ಬೇರೆಯೇ ಬರೆಸಿಕೊಳ್ಳಬೇಕು. ಹೆಚ್ಚಿನ ಲೇಖಕರು ಒಂದು ಪತ್ರ ಬರೆದು ಕೇಳಿದರೆ ಸಂತೋಷದಿಂದ ಒಪ್ಪುತ್ತಾರೆ. ಕೇಳದೆ ಆಡಿದ್ದೇ ಮನಸ್ತಾಪಕ್ಕೆ ಕಾರಣವಾಗುತ್ತದೆ.

ಸೇರದೆಯೂ ಬೆಂಬಲಿಸುವುದು

ಟಿಕೆಟ್ ಕೊಂಡು ಹೋಗುವುದು ಮೊದಲ ಬೆಂಬಲ, ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಯಾವಾಗ ಕೊಳ್ಳಬೇಕು ಎಂಬುದು. ರಂಗಮಂದಿರದ ಬಾಡಿಗೆ, ಬೆಳಕು, ವೇಷ, ವಾದ್ಯದವರ ಮುಂಗಡ ಇವೆಲ್ಲ ಪರದೆ ಏಳುವ ಮೊದಲೇ ಕೊಟ್ಟಾಗಿರುತ್ತದೆ. ಬಾಗಿಲಲ್ಲಿ ಕೊಂಡ ಟಿಕೆಟ್ಟಿನ ಹಣ ಸಾಲ ತೀರಿಸಲು ಹೋಗುತ್ತದೆ. ಹತ್ತು ದಿನ ಮುಂಚೆ ಕೊಂಡದ್ದು ಇನ್ನೊಂದು ತಾಲೀಮಿಗೆ ತಬಲಾದವರನ್ನು ಕರೆಸುತ್ತದೆ. ತಂಡದಲ್ಲಿ ಪರಿಚಯದವರಿದ್ದಾರೆಂದು ಪಾಸು ಕೇಳುವುದನ್ನು ಬೆಂಬಲ ಎನ್ನಲಾಗದು. ಹಾಗೆಯೇ ಹೊತ್ತಿಗೆ ಮುಂಚೆ ಹೋಗಿ. ಬೆಂಗಳೂರಿನ ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಬಿಡುವ ಕಡೆಗಳಲ್ಲಿಯೂ ನಾಂದಿಯ ಹೊತ್ತಿಗೆ ಫೋನಿನ ದೀಪ ಹಿಡಿದು ಸಾಲು ಹುಡುಕುವುದು ನಟರಿಗೆ ಕಾಣಿಸುತ್ತದೆ.

ದೇಣಿಗೆ ಕೊಡುವವರು 'ತಂಡಕ್ಕೆ' ಎಂದು ಕೊಡುವುದಕ್ಕಿಂತ ಒಂದು ಬಾಬತ್ತನ್ನು ಹೊರುವುದು ಒಳ್ಳೆಯದು: ಹಾರ್ಮೋನಿಯಂ ರಿಪೇರಿ, ಹಾಡಿನ ಪುಸ್ತಕದ ಮುದ್ರಣ, ಕೊಳಲಿನವರ ಸಂಭಾವನೆ. ಹಣ ಎಲ್ಲಿಗೆ ಹೋಯಿತು ಎಂದು ಕಣ್ಣಿಗೆ ಕಾಣುತ್ತದೆ, ಮುಂದಿನ ಬಾರಿ ಕೊಡಲು ಮನಸ್ಸಾಗುತ್ತದೆ. 80ಜಿ ಎಂದೇ ಜನ ಕರೆಯುವ ತೆರಿಗೆ ವಿನಾಯಿತಿ ಬೇಕಿದ್ದರೆ ಸಂಸ್ಥೆಗೆ ಆ ಮಾನ್ಯತೆ ಇದೆಯೇ ಎಂದು ಮೊದಲೇ ವಿಚಾರಿಸಿ. ಎರಡು ಸಾವಿರ ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಅದು ಸಿಗದು, ಬ್ಯಾಂಕಿನ ಮೂಲಕವೇ ಕೊಡಬೇಕು. ದುಡ್ಡಿಗಿಂತ ಬೆಲೆಬಾಳುವುದು ಜಾಗ. ಸಂಜೆ ಖಾಲಿ ಇರುವ ಶಾಲೆಯ ಕೋಣೆ, ಸಮುದಾಯ ಭವನ, ಅಪಾರ್ಟ್‌ಮೆಂಟಿನ ಸಭಾಂಗಣ ಎರಡು ತಿಂಗಳಿಗೆ ಕೊಡಿಸಿದವರು ತಂಡದ ಅತಿ ದೊಡ್ಡ ಖರ್ಚೊಂದನ್ನು ಉಳಿಸಿದಂತೆ. ಜಾಗ ಕೊಡಿಸುವಾಗ ಎರಡು ವಿಷಯ ನೋಡಿ: ಒಂಬತ್ತರವರೆಗೆ ತಬಲಾ ಸದ್ದಿಗೆ ನೆರೆಯವರ ಆಕ್ಷೇಪ ಇಲ್ಲದಿರಲಿ, ವಾದ್ಯಗಳನ್ನು ರಾತ್ರಿ ಅಲ್ಲೇ ಬೀಗ ಹಾಕಿ ಬಿಡುವಂತಿರಲಿ. ಪ್ರತಿದಿನ ಹಾರ್ಮೋನಿಯಂ ಹೊತ್ತು ಸ್ಕೂಟರಿನಲ್ಲಿ ತಿರುಗಿದರೆ ಆ ಕುಲುಕಾಟಕ್ಕೆ ಅದರ ಆಯಸ್ಸು ಅರ್ಧವಾಗುತ್ತದೆ.

ಇನ್ನು ಅಭಿಪ್ರಾಯ ಹೇಳುವುದು. ಎರಡು ದಿನ ಪ್ರದರ್ಶನವಿದ್ದು ನೀವು ಮೊದಲ ದಿನ ಹೋಗಿದ್ದರೆ, "ತುಂಬಾ ಚೆನ್ನಾಗಿತ್ತು" ಎಂಬುದರಿಂದ ಅವರಿಗೆ ಖುಷಿ, ಉಪಯೋಗ ಕಡಿಮೆ. ಎಲ್ಲಿ ಕೂತಿದ್ದಿರಿ, ಯಾವ ಹಾಡಿನಲ್ಲಿ ಏನು ಕೇಳಿಸಲಿಲ್ಲ ಎಂದು ಹೇಳಿ: "ಬಲಗಡೆ ಹಿಂದಿನಿಂದ ಮೂರನೇ ಸಾಲು, ಎರಡನೇ ಹಾಡಿನ ಚರಣದಲ್ಲಿ ಕೊಳಲು ಮಾತನ್ನು ಮುಚ್ಚಿತು." ಇಷ್ಟು ಹೇಳಿದರೆ ಮರುದಿನ ಸಂಜೆ ಐದಕ್ಕೆ ಧ್ವನಿ ಮೇಜಿನವರು ಅದೇ ಆಸನದಲ್ಲಿ ಒಬ್ಬರನ್ನು ಕೂರಿಸಿ, ಕೊಳಲಿನ ಚಾನೆಲ್ಲನ್ನು ಇಳಿಸಿ ನೋಡುತ್ತಾರೆ.